ಈಜಿಪ್ಟಿನ ಲೆಕ್ಕದಲ್ಲಿ ಮೂರ್ತಿ ಕೆತ್ತಿದ ನನ್ನ ಅನುಭವ

ಹಳೆಯ ಈಜಿಪ್ಟಿನ ರೀತಿಯಲ್ಲೇ ಕೂತ ಮೂರ್ತಿಯೊಂದನ್ನು ಕೆತ್ತಬೇಕೆಂಬ ಆಸೆ ಬಹಳ ದಿನದ್ದು. ಬಳಪದ ಕಲ್ಲು ಆರಿಸಿಕೊಂಡೆ, ಚಾಣಕ್ಕೆ ಸುಲಭ. ಅಲ್ಲಿನವರು ತುಂಬಾ ಗಡಸು ಕಲ್ಲನ್ನೂ ಬಿಟ್ಟವರಲ್ಲ. ಡಾಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡಿನಿಂದ ಜಜ್ಜಿ, ಮರಳು ಹಾಕಿ ಉಜ್ಜಿ ರೂಪ ತೆಗೆದರು.

ಕಲ್ಲನ್ನು ಮೂಲೆಮಟ್ಟಕ್ಕೆ ಚೌಕ ಮಾಡಿ, ಕೆಂಪು ಬಣ್ಣದಲ್ಲಿ ಚೌಕಳಿ ಗೆರೆ ಎಳೆದೆ. ಅಂಗಾಲಿನಿಂದ ಹಣೆಯ ಕೂದಲು ಶುರುವಾಗುವ ತನಕ ನಿಂತವರಿಗೆ 18 ಮನೆ, ಕೂತವರಿಗೆ 14. ಈಜಿಪ್ಟಿನ ಇತಿಹಾಸದಲ್ಲಿ ‘ಮಧ್ಯ ರಾಜ್ಯ’ ಎನ್ನುವ, ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಕಾಲದಲ್ಲಿ ನೆಲೆಗೊಂಡ ಲೆಕ್ಕವಿದು. ಎದುರಿಗೆ ಮುಂದಿನ ನೋಟ, ಎರಡು ಬದಿಗೆ ಪಕ್ಕದ ನೋಟ ಬರೆದು, ಎಲ್ಲ ಕಡೆಯಿಂದಲೂ ಒಳಕ್ಕೆ ಹೋಗಬೇಕು. ಕೆತ್ತಿದಷ್ಟೂ ಗೆರೆ ಹೋಗುತ್ತದೆ, ಮತ್ತೆ ಬರೆಯಬೇಕು. ಗೀಜಾದಲ್ಲಿ ಸಿಕ್ಕ ಮೆನ್ಕೌರೆ ರಾಜನ ಅರೆಬರೆ ಮೂರ್ತಿಗಳಲ್ಲಿ ಈ ಹಂತಗಳೆಲ್ಲ ಕಾಣುತ್ತವೆ. ನನಗೆ ಅವೇ ಮೇಷ್ಟ್ರು.

ತೋಳಿಗೂ ಮೈಗೂ ನಡುವಿನ ಕಲ್ಲನ್ನು ತೆಗೆಯಲಿಲ್ಲ. ಕಾಲಿಗೂ ಪೀಠಕ್ಕೂ ನಡುವೆಯೂ ಹಾಗೇ ಬಿಟ್ಟೆ. ಕೆತ್ತುವವನಿಗೆ ಅಲ್ಲಿ ಬಿಡಿಸಿ ತೋರಿಸುವ ಆಸೆ ಜಾಸ್ತಿ, ಆದರೆ ಕೈ ತಡೆಯಬೇಕು. ಇದು ನೋಡಿ ಖುಷಿಪಡಲು ಮಾಡುವ ಗೊಂಬೆಯಲ್ಲ. ಸತ್ತವನ ‘ಕಾ’, ಅಂದರೆ ಅವನ ಜೀವಶಕ್ತಿ, ಬಂದು ನೆಲೆಸುವ ಮೈ. ಹೆಣ ಹಾಳಾದರೂ ಇದು ಉಳಿಯಬೇಕು. ಸುಲಭವಾಗಿ ಮುರಿಯುವ ತೋಳು ಇಟ್ಟರೆ ಹೇಗೆ?

ಸಕ್ಕಾರಾ ಎಂಬಲ್ಲಿ ಜೋಸರ್ ರಾಜನ ಸಮಾಧಿಯ ಪಕ್ಕ ಅವನ ಸುಣ್ಣಕಲ್ಲಿನ ಮೂರ್ತಿಯನ್ನು ಬಾಗಿಲೇ ಇಲ್ಲದ ಕೋಣೆಯಲ್ಲಿ ಇಟ್ಟಿದ್ದರು. ಗೋಡೆಯಲ್ಲಿ ಅವನ ಕಣ್ಣಿನ ಎತ್ತರಕ್ಕೆ ಎರಡು ತೂತು. ರಾಜ ಹೊರಗೆ ನೋಡಲಿ, ಧೂಪದ ಹೊಗೆ ಒಳಗೆ ಹೋಗಲಿ ಅಂತ. ಇದು ತಲೆಯಲ್ಲಿದ್ದರೆ ಮುಖ ಕೆತ್ತುವ ರೀತಿಯೇ ಬೇರೆಯಾಗುತ್ತದೆ. ನಾನು ಮೂಗಿನ ನಡುಗೆರೆಯನ್ನು ಕೊನೆಯವರೆಗೂ ಅಳಿಸದೆ ಇಟ್ಟುಕೊಂಡೆ. ಆ ನೋಟ ಕೂದಲೆಳೆಯಷ್ಟೂ ಓರೆಯಾಗಬಾರದು.

ಕೆತ್ತನೆ ಮುಗಿದರೂ ಅಲ್ಲಿ ಮೂರ್ತಿ ಮುಗಿಯುತ್ತಿರಲಿಲ್ಲ. ನಮ್ಮಲ್ಲಿ ಪ್ರತಿಷ್ಠೆಯ ಹೊತ್ತಿಗೆ ಕಣ್ಣು ತೆರೆಸುತ್ತಾರಲ್ವಾ, ಅಲ್ಲಿ ಬಾಯಿ ತೆರೆಸುತ್ತಿದ್ದರು. ಪೂಜಾರಿ ಬಾಚಿಯನ್ನು ಬಾಯಿಗೆ ಮುಟ್ಟಿಸಬೇಕು. ಆಮೇಲಷ್ಟೇ ಅದು ಉಸಿರಾಡುತ್ತದೆ, ಇಟ್ಟ ಎಡೆ ಉಣ್ಣುತ್ತದೆ. ಕೆತ್ತುವವರ ಕೈಯ ಬಾಚಿಯೇ ಪೂಜೆಯ ಸಾಮಾನೂ ಆಗಿದ್ದು ನನಗೆ ತುಂಬಾ ಹಿಡಿಸಿತು.

ಇನ್ನು ಹೆಸರು. ಮೂರ್ತಿ ಯಾರದೆಂದು ಹೇಳುವುದು ಮುಖಕ್ಕಿಂತ ಹೆಚ್ಚಾಗಿ ಅದೇ. ಎರಡನೇ ರಾಮ್ಸೆಸ್ ಹಳೆಯ ರಾಜರ ಎಷ್ಟೋ ಮೂರ್ತಿಗಳ ಮೇಲೆ ತನ್ನ ಹೆಸರು ಕೆತ್ತಿಸಿ ತನ್ನದಾಗಿಸಿಕೊಂಡ. ನಾನು ಪೀಠದ ಮೇಲೆ ಏನೂ ಬರೆಯಲಿಲ್ಲ. ಸತ್ತವರ ಹೆಸರನ್ನು ಸುಮ್ನೆ ಅಲಂಕಾರಕ್ಕೆ ಹಾಕಲು ಮನಸ್ಸು ಬರಲಿಲ್ಲ.

ಮುಂದಿನದು ನಿಂತ ಮೂರ್ತಿ: 18 ಮನೆ, ಎಡಗಾಲು ಮುಂದೆ, ಬೆನ್ನಿಗೆ ಕಂಬ. ಅದಕ್ಕೆ ಗಡಸು ಕಲ್ಲನ್ನೇ ಹುಡುಕುತ್ತಿದ್ದೇನೆ.