ಉಳಿದ ಅಡುಗೆ ಎಲ್ಲರ ತಟ್ಟೆಗೂ ಬರಲಿ

ರಾತ್ರಿ ಊಟ ಮುಗಿದಿದೆ. ಕುಕ್ಕರ್‌ನಲ್ಲಿ ಒಂದು ಬಟ್ಟಲಿನಷ್ಟು ಅನ್ನ, ಪಾತ್ರೆಯ ತಳದಲ್ಲಿ ಎರಡು ಸೌಟು ಹುಳಿ, ಎರಡು ಚಪಾತಿ, ಸ್ವಲ್ಪ ಬೀನ್ಸ್ ಪಲ್ಯ. ಎಸೆಯಲು ಮನಸ್ಸು ಬಾರದು, ತಿನ್ನಲು ಹೊಟ್ಟೆಯಲ್ಲಿ ಜಾಗವಿಲ್ಲ. ಹಾಗೇ ಮುಚ್ಚಿಟ್ಟು ಮಲಗುತ್ತೇವೆ. ಬೆಳಿಗ್ಗೆ ಹೊಸ ತಿಂಡಿ ಆಗುತ್ತದೆ, ಹಳೆಯದು ಅಲ್ಲೇ ಕೂತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಸನೆ ಬಂದು ಕಸದ ಬುಟ್ಟಿ ಸೇರುತ್ತದೆ. ಇಲ್ಲವೇ ಮನೆಯ ಹೆಂಗಸರು ‘ನನಗೆ ಇದೇ ಸಾಕು’ ಅಂತ ಅದನ್ನು ತಿಂದು ಮುಗಿಸುತ್ತಾರೆ, ಉಳಿದವರಿಗೆ ಬಿಸಿ ಅಡುಗೆ.

ಎರಡೂ ಸರಿಯಲ್ಲ. ಉಳಿದದ್ದು ವ್ಯರ್ಥವಾಗಬಾರದು ನಿಜ, ಆದರೆ ಅದು ಅಮ್ಮನ ಪಾಲಿಗೆ ಮಾತ್ರ ಬರಲೂಬಾರದು. ಎಲ್ಲರೂ ಕೇಳಿ ಹಾಕಿಸಿಕೊಳ್ಳುವಂಥ ತಿಂಡಿಯಾಗಿ ಅದು ಬದಲಾಗಬೇಕು. ಅದಕ್ಕೆ ದೊಡ್ಡ ಕೈಚಳಕ ಬೇಡ. ಯಾವುದನ್ನು ಯಾವಾಗ ಎತ್ತಿಡಬೇಕು, ಯಾವುದಕ್ಕೆ ಏನು ಸೇರಿಸಬೇಕು ಅಂತ ಗೊತ್ತಿದ್ದರೆ ಸಾಕು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಹೋಟೆಲಿನದ್ದಲ್ಲ, ಅಂಗಡಿಯದ್ದಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆ.ಜಿ. ಎಂಬ ಅಂದಾಜು ಅದರಲ್ಲಿದೆ. ಈ ಲೆಕ್ಕದಲ್ಲಿ ಸಿಪ್ಪೆ, ಬೀಜ, ಮೂಳೆಯೂ ಸೇರಿದೆ. ಸಿಪ್ಪೆಯ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಅಳತೆ

ಅಕ್ಕಿಯನ್ನು ಕೈಯಂದಾಜಿನಲ್ಲಿ ಹಾಕಬೇಡಿ. ಪಾವು ಇರಲಿ, ಲೋಟ ಇರಲಿ, ಒಂದೇ ಅಳತೆ ಇಟ್ಟುಕೊಳ್ಳಿ. ದೊಡ್ಡವರೊಬ್ಬರಿಗೆ ಒಂದು ಹೊತ್ತಿಗೆ 75ರಿಂದ 80 ಗ್ರಾಂ ಅಕ್ಕಿ ಸಾಮಾನ್ಯವಾಗಿ ಸಾಕಾಗುತ್ತದೆ. ಜೊತೆಗೆ ಮುದ್ದೆ ಅಥವಾ ಚಪಾತಿ ಇದ್ದರೆ ಅರ್ಧಕ್ಕೆ ಇಳಿಸಿ. ‘ಯಾರಾದರೂ ಬಂದರೆ’ ಅಂತ ದಿನಾ ಒಂದು ಹಿಡಿ ಜಾಸ್ತಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಬಂದವರಿಗೆ ಹತ್ತು ನಿಮಿಷದಲ್ಲಿ ಅವಲಕ್ಕಿ ಒಗ್ಗರಣೆ ಮಾಡಬಹುದು, ಅಲ್ವಾ? ಅದಕ್ಕಾಗಿ ದಿನವೂ ಅನ್ನ ಉಳಿಸಬೇಕಿಲ್ಲ.

ಊಟವಾದ ಕೂಡಲೇ ಎತ್ತಿಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಉಳಿದದ್ದನ್ನು ಏನು ಮಾಡುವುದು ಅಂತ ಬೆಳಿಗ್ಗೆ ಯೋಚಿಸಿದರೆ ತಡವಾಯಿತು. ರಾತ್ರಿ ಪಾತ್ರೆ ತೊಳೆಯುವ ಮೊದಲೇ ತೀರ್ಮಾನವಾಗಬೇಕು.

ಅನ್ನದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಅಕ್ಕಿಯಲ್ಲಿ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಕಣಗಳು ಕುಕ್ಕರ್‌ನ ಬಿಸಿಗೂ ಸಾಯದೆ ಉಳಿಯಬಲ್ಲವು. ಬೆಂದ ಅನ್ನ ಬೆಚ್ಚಗೆ ತುಂಬಾ ಹೊತ್ತು ಕೂತರೆ ಅವು ಮೊಳೆತು ಹೆಚ್ಚಿ ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ‘ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದರಾಯಿತು’ ಅನ್ನುವ ಮಾತು ಅನ್ನಕ್ಕೆ ಸಲ್ಲದು. ಬೇಯಿಸಿದ ಯಾವ ಅಡುಗೆಯನ್ನೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ, ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹೀಗೆ ಮಾಡಿ. ಅನ್ನವನ್ನು ಅಗಲವಾದ ತಟ್ಟೆಗೆ ಹರವಿ. ಕುಕ್ಕರ್‌ನ ಒಳಗೆ ಒಂದು ಗಂಟೆ ಬಿಸಿಯಾಗಿಯೇ ಇರುವ ಅನ್ನ, ತಟ್ಟೆಯಲ್ಲಿ ಫ್ಯಾನ್ ಕೆಳಗೆ ಬೇಗ ಆರುತ್ತದೆ. ಆರಿದ ಕೂಡಲೇ ಅಗಲ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಮರುದಿನವೇ ಮುಗಿಸಿ.

ಹುಳಿ, ಸಾರನ್ನು ಒಮ್ಮೆ ಕುದಿಸಿ, ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ ಒಳಗಿಡಿ. ತಟ್ಟೆಗೆ ತಾಗಿದ ಸೌಟನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಕಾಯಿ ರುಬ್ಬಿ ಹಾಕಿದ ಪದಾರ್ಥ ಬೇಗ ಹಳಸುತ್ತದೆ. ಹಸಿ ಕಾಯಿ ಚಟ್ನಿಯಂತೂ ಹೊರಗಿಟ್ಟರೆ ಉಳಿಯುವುದೇ ಇಲ್ಲ. ಮರುದಿನ ಬೇಕಾದಷ್ಟನ್ನು ಮಾತ್ರ ಬೇರೆ ಪಾತ್ರೆಗೆ ತೆಗೆದು ಕುದಿಸಿ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಬಿಸಿ ಮಾಡಿ ಆರಿಸುವುದು ಒಳ್ಳೆಯದಲ್ಲ.

ಫ್ರಿಜ್ ಇಲ್ಲದ ಕಾಲದಲ್ಲಿ ಹಿರಿಯರು ಅನ್ನವನ್ನು ಸುಮ್ನೆ ಮುಚ್ಚಿಡುತ್ತಿರಲಿಲ್ಲ, ನೀರು ಹಾಕಿಡುತ್ತಿದ್ದರು. ನೀರಿನಲ್ಲಿ ಅನ್ನ ನಿಧಾನವಾಗಿ ಹುಳಿಯಾಗುತ್ತದೆ. ಆ ಹುಳಿ ಎಷ್ಟೋ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಬೆಳಿಗ್ಗೆ ಆ ತಂಗಳನ್ನಕ್ಕೆ ಮಜ್ಜಿಗೆ, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ. ಬೇಸಿಗೆಯಲ್ಲಿ ಇದಕ್ಕಿಂತ ತಂಪು ಊಟ ಇನ್ನೊಂದಿಲ್ಲ. ಮಾಡುವುದಾದರೆ ಅನ್ನ ಆರಿದ ತಕ್ಷಣ, ಕುದಿಸಿ ಆರಿಸಿದ ನೀರು ಹಾಕಿ, ಬೆಳಿಗ್ಗೆಯೇ ತಿಂದುಬಿಡಿ. ಲೋಳೆ ಬಂದಿದ್ದರೆ ಬೇಡ. ಚಿಕ್ಕ ಮಕ್ಕಳು, ಬಸುರಿಯರು, ಕಾಯಿಲೆಯವರು ಇರುವ ಮನೆಯಲ್ಲಿ ಫ್ರಿಜ್‌ನ ದಾರಿಯೇ ಸರಿ.

ಅನ್ನಕ್ಕೆ ಚಿತ್ರಾನ್ನವೊಂದೇ ಅಲ್ಲ

ಫ್ರಿಜ್‌ನಲ್ಲಿಟ್ಟ ಅನ್ನ ಗಟ್ಟಿಯಾಗಿ ಅಗಳು ಬಿಡಿಬಿಡಿಯಾಗುತ್ತದೆ. ತಣ್ಣಗಾದಾಗ ಅನ್ನದ ಪಿಷ್ಟ ಬಿಗಿಯಾಗುವುದರಿಂದ ಹೀಗೆ. ಚಿತ್ರಾನ್ನಕ್ಕೆ ಬೇಕಿರುವುದೂ ಇಂಥ ಅನ್ನವೇ. ಒಂದು ಚಮಚ ಎಣ್ಣೆ, ಉಪ್ಪು, ಅರಿಶಿನ ಹಾಕಿ ಗಂಟುಗಳನ್ನು ಮೊದಲೇ ಬಿಡಿಸಿಕೊಳ್ಳಿ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ಅನ್ನ ಹಾಕಿ. ಮೇಲೆ ಮೇಲೆ ಕಲಸಿ ಇಳಿಸಬೇಡಿ. ಒಳಗಿನವರೆಗೂ ಹಬೆಯಾಡುವ ಹಾಗೆ ಬಿಸಿಯಾಗಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಇಲ್ಲದಿದ್ದರೆ ಕಹಿ.

ಆದರೆ ವಾರಕ್ಕೆ ಮೂರು ಸಲ ಚಿತ್ರಾನ್ನವಾದರೆ ಮಕ್ಕಳು ಮುಖ ತಿರುಗಿಸುತ್ತಾರೆ. ಆಗ ಅನ್ನದ ಅಕ್ಕಿ ರೊಟ್ಟಿ ಮಾಡಿ. ನನ್ನ ಮಟ್ಟಿಗೆ ಉಳಿದ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ಒಂದು ಬಟ್ಟಲು ಅನ್ನಕ್ಕೆ ಎರಡು ಚಮಚ ಬಿಸಿನೀರು ಚಿಮುಕಿಸಿ ಮೆತ್ತಗಾಗಲು ಬಿಡಿ. ನಂತರ ಅಂಗೈಯ ಬುಡದಿಂದ ತಟ್ಟೆಗೆ ಒತ್ತಿ ಒತ್ತಿ ನಾದಿ. ಅಗಳು ಕೈಗೆ ಸಿಗಬಾರದು, ಬೆಣ್ಣೆಯಂತೆ ಜಾರಬೇಕು. ಇದಕ್ಕೆ ಒಂದೂವರೆ ಬಟ್ಟಲು ಅಕ್ಕಿ ಹಿಟ್ಟು, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಉಪ್ಪು. ನಿನ್ನೆಯ ಬೀನ್ಸ್ ಪಲ್ಯ ಕೆಡದೆ ಇದ್ದರೆ ಅದೂ ಇಲ್ಲೇ ಸೇರಲಿ. ನೀರನ್ನು ಕೊನೆಯಲ್ಲಿ, ಸ್ವಲ್ಪ ಸ್ವಲ್ಪವೇ ಹಾಕಿ. ಅನ್ನದಲ್ಲೂ ಈರುಳ್ಳಿಯಲ್ಲೂ ನೀರಿದೆ, ಆತುರ ಮಾಡಿದರೆ ಹಿಟ್ಟು ತೆಳ್ಳಗಾಗುತ್ತದೆ. ಎಣ್ಣೆ ಸವರಿದ ತಣ್ಣನೆ ಕಾವಲಿಯ ಮೇಲೆ ತೆಳ್ಳಗೆ ತಟ್ಟಿ, ನಡುನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಡಿ. ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಅಂಚು ಕೆಂಪಾದಾಗ ಮಗುಚಿ. ಬರೀ ಹಿಟ್ಟಿನ ರೊಟ್ಟಿ ಆರಿದರೆ ಗಡುಸು, ಅನ್ನ ಹಾಕಿದ್ದು ಮಧ್ಯಾಹ್ನದ ಬುತ್ತಿಗೂ ಮೆತ್ತಗಿರುತ್ತದೆ.

ಅನ್ನ ಸ್ವಲ್ಪವೇ ಇದ್ದರೆ ಅರ್ಧ ಬಟ್ಟಲು ಚಿರೋಟಿ ರವೆ, ಅರ್ಧ ಬಟ್ಟಲು ಮೊಸರು ಸೇರಿಸಿ ರುಬ್ಬಿ ದೋಸೆ ಹುಯ್ಯಿರಿ. ಬಿಸಿಲು ಚೆನ್ನಾಗಿರುವ ದಿನಗಳಲ್ಲಿ ಅನ್ನಕ್ಕೆ ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಸಂಡಿಗೆ ಇಡಬಹುದು. ಗಲಗಲ ಅನ್ನುವಂತೆ ಒಣಗಿದ ಮೇಲೇ ಡಬ್ಬಿಗೆ ತುಂಬಿ.

ಮುದ್ದೆ, ರೊಟ್ಟಿ, ಚಪಾತಿ, ದೋಸೆ ಹಿಟ್ಟು

ಉಳಿದ ಮುದ್ದೆಯನ್ನೂ ರಾತ್ರಿಯೇ ಫ್ರಿಜ್‌ಗೆ ಇಡಿ. ಬೆಳಿಗ್ಗೆ ಕೈಯಲ್ಲಿ ಮುರಿದು ನೀರಿನಲ್ಲಿ ಕಿವುಚಿ, ಒಮ್ಮೆ ಕುದಿಸಿ ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿದರೆ ಅಂಬಲಿ.

ಜೋಳದ ರೊಟ್ಟಿಯ ವಿಷಯದಲ್ಲಿ ಉತ್ತರ ಕರ್ನಾಟಕದವರಿಗೆ ಹೇಳಿಕೊಡುವುದೇನೂ ಇಲ್ಲ. ಒಣಗಿಸಿ ಕಟಕ ರೊಟ್ಟಿ ಮಾಡಿದರೆ ದಿನಗಟ್ಟಲೆ ಇರುತ್ತದೆ. ಉಳಿದ ಊರಿನವರೂ ಇದನ್ನು ಕಲಿಯಬಹುದು. ಚೂರು ಮಾಡಿ ಮೊಸರಿನಲ್ಲಿ ನೆನೆಸಿ ಶೇಂಗಾ ಚಟ್ನಿಪುಡಿ ಉದುರಿಸಿದರೆ ಒಂದು ಹೊತ್ತಿನ ಊಟ.

ಚಪಾತಿಯನ್ನು ಚೂರು ಮಾಡಿ ಈರುಳ್ಳಿ ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಡಿ, ಉಪ್ಪಿಟ್ಟಿನಂತೆ ಆಗುತ್ತದೆ. ಸಿಹಿ ಬೇಕಿದ್ದರೆ ಕಾವಲಿಯ ಮೇಲೆ ಗರಿಗರಿ ಮಾಡಿ, ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ ಬೆಲ್ಲ, ತುಪ್ಪ, ಏಲಕ್ಕಿ, ಹುರಿಗಡಲೆ ಸೇರಿಸಿ. ಉತ್ತರ ಕರ್ನಾಟಕದ ಸಿಹಿ ತಿನಿಸು ಮಾದಲಿ ತಿಂದವರಿಗೆ ಇದರ ರುಚಿ ಗೊತ್ತು. ಉಳಿದ ತೊವ್ವೆಯನ್ನೋ ಗಟ್ಟಿ ಹುಳಿಯನ್ನೋ ನೀರಿನ ಬದಲು ಹಾಕಿ ಹೊಸ ಚಪಾತಿ ಹಿಟ್ಟನ್ನೇ ಕಲಸಬಹುದು.

ದೋಸೆ ಹಿಟ್ಟು ಹುಳಿಯಾದರೆ ಸೋಡಾ ಸುರಿಯಬೇಡಿ. ಸ್ವಲ್ಪ ರವೆ, ಹೆಚ್ಚಿದ ಈರುಳ್ಳಿ, ಕಾಯಿ ಚೂರು, ಕರಿಬೇವು ಬೆರೆಸಿ ಪಡ್ಡು ಮಾಡಿ. ಆ ಹುಳಿಯೇ ಪಡ್ಡಿಗೆ ರುಚಿ. ಮೊಸರು ಹುಳಿಯಾದರೆ ಬೂದುಗುಂಬಳದ ಮಜ್ಜಿಗೆ ಹುಳಿ. ಇನ್ನೂ ಹೆಚ್ಚು ಹುಳಿಯಾಗಿದ್ದರೆ ಉಪ್ಪು ಹಾಕಿ ಸೀಳಿದ ಮೆಣಸಿನಕಾಯಿ ನೆನೆಸಿ ಒಣಗಿಸಿ, ಮಜ್ಜಿಗೆ ಮೆಣಸು ಸಿದ್ಧ.

ಸಿಪ್ಪೆ, ದಂಟು, ಬೀಜ

55 ಕೆ.ಜಿ. ಲೆಕ್ಕದಲ್ಲಿ ಸಿಪ್ಪೆಯೂ ಸೇರಿದೆ ಅಂದೆನಲ್ಲ. ನಮ್ಮ ಅಡುಗೆ ಇಲ್ಲಿ ನಿಜಕ್ಕೂ ಶ್ರೀಮಂತ. ಬೇಯಿಸಿದ ಕಾಳು, ಸೊಪ್ಪಿನ ನೀರನ್ನು ಬಸಿದು ಬಸ್ಸಾರು, ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟಿನಿಂದ ಕಟ್ಟಿನ ಸಾರು. ನೀರನ್ನೂ ಬಿಡದ ಅಡುಗೆ ಇದು.

ಹೀರೇಕಾಯಿ ಸಿಪ್ಪೆ ಚಟ್ನಿ ಮಾಡಿ ನೋಡಿ. ಕಾಯಿಯನ್ನು ಉಜ್ಜಿ ತೊಳೆದು, ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿಯಿದ್ದರೆ ಇಡೀ ಕಾಯಿಯೇ ಬೇಡ, ಕಹಿ ಹೀರೇಕಾಯಿ ಹೊಟ್ಟೆ ಕೆಡಿಸುತ್ತದೆ. ಎರಡು ಕಾಯಿಯ ಸಿಪ್ಪೆಯನ್ನು ಎಣ್ಣೆಯಲ್ಲಿ ಹಸಿ ವಾಸನೆ ಹೋಗಿ ಮುದುಡುವವರೆಗೆ ಹುರಿಯಿರಿ. ಬೇರೆಯಾಗಿ ಎರಡು ಚಮಚ ಉದ್ದಿನಬೇಳೆ, ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಇಂಗು ಹುರಿದುಕೊಳ್ಳಿ. ಕಾಯಿತುರಿ, ಸ್ವಲ್ಪ ಹುಣಸೆ, ಬೆಲ್ಲದ ಚೂರು, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿ.

ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗ ಕರಾವಳಿಯಲ್ಲಿ ದೋಸೆಯಾಗುತ್ತದೆ. ಹೊರಗಿನ ಹಸಿರು ಸಿಪ್ಪೆ ಕೆತ್ತಿ ತೆಗೆಯಿರಿ. ನಾಲ್ಕು ಗಂಟೆ ನೆನೆದ ಒಂದು ಬಟ್ಟಲು ಅಕ್ಕಿಗೆ ಎರಡು ಬಟ್ಟಲು ಬಿಳಿ ಹೋಳು ಹಾಕಿ ರುಬ್ಬಿ. ಬೇರೆ ನೀರು ಬೇಕಾಗುವುದು ಕಡಿಮೆ, ಹುದುಗಿಸುವುದೂ ಬೇಡ. ಕಿತ್ತಳೆ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಮ್ಮೆ ಬೇಯಿಸಿ ಆ ಕಹಿ ನೀರು ಚೆಲ್ಲಿ, ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡಿ. ಕೊತ್ತಂಬರಿ ದಂಟು ಸಾರಿಗೆ. ಹಲಸಿನ ಬೀಜ ಹುಳಿಗೆ. ಆಲೂಗಡ್ಡೆಯ ಹಸಿರಾದ ಸಿಪ್ಪೆಯನ್ನು ಮಾತ್ರ ಯಾವುದಕ್ಕೂ ಬಳಸಬೇಡಿ.

ಯಾವುದನ್ನು ಬಿಡಬೇಕು

ಬೂಸಲು ಬಂದದ್ದು, ನೂಲಿನಂತೆ ಲೋಳೆ ಎಳೆಯುವುದು, ವಾಸನೆ ಬದಲಾದದ್ದು, ನೀರು ಹಾಕದೆ ರಾತ್ರಿಯಿಡೀ ಹೊರಗೇ ಉಳಿದ ಅನ್ನ. ಇವನ್ನು ರುಚಿ ನೋಡಿ ತೀರ್ಮಾನಿಸಬೇಡಿ. ಬೂಸಲನ್ನು ಕೆರೆದು ಉಳಿದದ್ದನ್ನು ತಿನ್ನುವುದೂ ಬೇಡ. ಒಂದು ಬಟ್ಟಲು ಹುಳಿಗಿಂತ ಮನೆಯವರ ಆರೋಗ್ಯ ದೊಡ್ಡದು.

ಹಬ್ಬ, ಮದುವೆಗಳಲ್ಲಿ ರಾಶಿ ಅನ್ನ ಉಳಿದಾಗ ‘ಹಸು ತಿನ್ನಲಿ’ ಅಂತ ಬೀದಿಗೆ ಸುರಿಯುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ. ಆದರೆ ಒಮ್ಮೆಲೇ ತುಂಬಾ ಅನ್ನ ತಿಂದ ಹಸುವಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಅದು ಮೇವು ಬಿಟ್ಟು ಮಲಗಿಬಿಡುತ್ತದೆ. ಸಾಯುವುದೂ ಉಂಟು. ದಯವಿಟ್ಟು ಹಾಗೆ ಮಾಡಬೇಡಿ. ಅಡುಗೆ ಇನ್ನೂ ಬಿಸಿಯಾಗಿರುವಾಗಲೇ ಹತ್ತಿರದ ಅನಾಥಾಶ್ರಮಕ್ಕೋ ಹಾಸ್ಟೆಲಿಗೋ ಫೋನ್ ಮಾಡಿ ಕಳಿಸಿ.

ಇಷ್ಟೆಲ್ಲ ಆದ ಮೇಲೂ ಉಳಿಯುವ ಸಿಪ್ಪೆ, ಕಾಫಿ ಚರಟ ಗೊಬ್ಬರಕ್ಕೆ. ಬೆಂಗಳೂರಿನ ಕಸ ನಗರದ ಹೊರಗಿನ ಮಂಡೂರು ಗ್ರಾಮಕ್ಕೆ ಹೋಗುತ್ತಿದ್ದಾಗ ಅಲ್ಲಿನವರು ವರ್ಷಗಟ್ಟಲೆ ವಾಸನೆ, ನೊಣ, ಕೆಟ್ಟ ನೀರಿನ ನಡುವೆ ಬದುಕಿದರು. ಹೋರಾಡಿದ ಮೇಲೆ 2014ರ ಕೊನೆಗೆ ಅದು ನಿಂತಿತು. ಅಲ್ಲಿ ಕೊಳೆತು ನಾರುತ್ತಿದ್ದುದರಲ್ಲಿ ನಮ್ಮ ಅಡುಗೆಮನೆಗಳಿಂದ ಹೋದದ್ದೂ ಬಹಳ ಇತ್ತು. ತಳಕ್ಕೆ ಮತ್ತು ಪಕ್ಕಕ್ಕೆ ತೂತು ಮಾಡಿದ ಹಳೆಯ ಬಕೆಟ್ಟಿಗೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಸಿ. ಅದರ ಮೇಲೆ ಸಿಪ್ಪೆ, ಮತ್ತೆ ಒಣ ಎಲೆ, ಸ್ವಲ್ಪ ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಅಂತ ಅರ್ಥ, ಇನ್ನಷ್ಟು ಒಣ ಎಲೆ ಹಾಕಿ ಕೆದಕಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಜರಡಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕಿ, ಜರಡಿಯಲ್ಲಿ ಉಳಿದ ತರಿಯನ್ನು ಮತ್ತೆ ಬಕೆಟ್ಟಿಗೇ ಸೇರಿಸಿ.