ಬಿ.ಆರ್ಕ್ ಪ್ರವೇಶ: ಕೊಪ್ಪಳದ ವಿದ್ಯಾರ್ಥಿಗಳ ಸಿದ್ಧತೆ

ಐದು ವರ್ಷಗಳ ಬಿ.ಆರ್ಕ್ (ವಾಸ್ತುಶಿಲ್ಪ) ಪದವಿಗೆ ಸೇರಬಯಸುವವರು ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಜೊತೆಗೆ ವಾಸ್ತುಶಿಲ್ಪ ಕೋರ್ಸಿನ ರಾಷ್ಟ್ರಮಟ್ಟದ ಅಭಿರುಚಿ ಪರೀಕ್ಷೆಯಾದ ನಾಟಾದಲ್ಲಿ ಅರ್ಹತೆ ಪಡೆಯಬೇಕು. ರಾಜ್ಯದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾದ್ದರಿಂದ, ಅಲ್ಲಿಯೂ ಪ್ರತ್ಯೇಕವಾಗಿ ಅರ್ಜಿ ಹಾಕಿ, ನಾಟಾ ಅಂಕಗಳನ್ನು ಗಡುವಿನೊಳಗೆ ದಾಖಲಿಸುವುದನ್ನು ಯಾವ ಕಾರಣಕ್ಕೂ ಮರೆಯಬಾರದು.

ನಾಟಾದಲ್ಲಿ ಚಿತ್ರರಚನೆಗೂ ಅಂಕಗಳಿವೆ. ಹತ್ತಿರದಲ್ಲಿ ಕೋಚಿಂಗ್ ಇಲ್ಲವೆಂದು ಎದೆಗುಂದಬೇಕಿಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಮುಂದೆ ಕುಳಿತು, ಒಂದೇ ಕಂಬದ ಅಂಚುಗಳು, ಉಬ್ಬುತಗ್ಗುಗಳು, ಅದರ ನೆರಳು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಬದಲಾಗುವ ಬಗೆಯನ್ನು ಪೆನ್ಸಿಲಿನಲ್ಲಿ ಮತ್ತೆ ಮತ್ತೆ ಬಿಡಿಸುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋಚದು.

ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟುಗಳು ನಮ್ಮ ಭಾಗಕ್ಕೆ ಮೀಸಲಿರುವುದರಿಂದ, ಈ ಮೀಸಲಾತಿಗೆ ಆಧಾರವಾದ ಸಂವಿಧಾನದ 371ಜೆ ವಿಧಿಯಡಿ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳಿ.