ಹಳೆಯ ಫೆಂಡರ್ ಚಾಂಪ್ ಆಂಪ್ಲಿಫೈಯರ್ ದುರಸ್ತಿ: ಮೊದಲು ಅಳತೆ, ಆಮೇಲೆ ಬದಲಾವಣೆ

ಗಿಟಾರ್‌ನ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್‌ಗಳ ದುರಸ್ತಿಯನ್ನು ಕಲಿಯುವವರಿಗೆ ಫೆಂಡರ್ ಕಂಪನಿಯ 5ಎಫ್1 ಮಾದರಿಯ ಚಾಂಪ್‌ಗಿಂತ ಸರಳವಾದ ಯಂತ್ರ ಸಿಗುವುದು ಕಷ್ಟ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತಯಾರಾಗುತ್ತಿದ್ದ, ಸುಮಾರು 5 ವ್ಯಾಟ್ ಸಾಮರ್ಥ್ಯದ ಈ ಪುಟ್ಟ ಪೆಟ್ಟಿಗೆಯಲ್ಲಿ ಇರುವುದು ಮೂರೇ ವಾಲ್ವ್‌ಗಳು: ಗಿಟಾರ್‌ನ ಸಂಕೇತವನ್ನು ಹಿಗ್ಗಿಸುವ 12ಎಎಕ್ಸ್7, ಸ್ಪೀಕರನ್ನು ನಡೆಸುವ 6ವಿ6ಜಿಟಿ ಮತ್ತು ಎಸಿ ವಿದ್ಯುತ್ತನ್ನು ಡಿಸಿಯಾಗಿ ಪರಿವರ್ತಿಸುವ 5ವೈ3ಜಿಟಿ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಆಂಪ್ಲಿಫೈಯರನ್ನು "ಕೆಲಸ ಮಾಡುತ್ತದೆಯೇ ನೋಡೋಣ" ಎಂದು ನೇರವಾಗಿ ಪ್ಲಗ್‌ಗೆ ಹಾಕಬಾರದು. ಡಿಸಿಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್ ಒಂದು ಒಣಗಿಹೋಗಿ ಶಾರ್ಟ್ ಆದರೆ ಸಾಕು, ಮತ್ತೆ ಸಿಗದಂತಹ ಮೂಲ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇದಕ್ಕಿಂತ ಮುಖ್ಯವಾದದ್ದು ನಿಮ್ಮ ಜೀವ. ಒಳಗೆ 300 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿಯಬಹುದು. ಆದ್ದರಿಂದ ಪ್ರತಿ ಬಾರಿಯೂ 5 ವ್ಯಾಟ್‌ನ 10 ಕಿಲೋಓಮ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳ ಮೂಲಕ ಕೆಪಾಸಿಟರ್‌ನ ಧನ ತುದಿಗೂ ಚಾಸಿಗೂ (ಲೋಹದ ಚೌಕಟ್ಟಿಗೂ) ನಡುವೆ ಕೆಲವು ಸೆಕೆಂಡು ಹಿಡಿದು, ವೋಲ್ಟೇಜ್ ಸೊನ್ನೆಗೆ ಇಳಿದಿರುವುದನ್ನು ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಒಳಗೆ ಕೈ ಹಾಕಬೇಕು.

ಎರಡು ಪಿನ್ನಿನ ಹಳೆಯ ವೈರನ್ನು ತೆಗೆದು ಮೂರು ಪಿನ್ನಿನದನ್ನು ಹಾಕಿ. ಫೇಸ್ ತಂತಿ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ ಹೋಗಬೇಕು. ಅರ್ಥ್ ತಂತಿಯನ್ನು ಚಾಸಿಗೆ ಪ್ರತ್ಯೇಕ ಬೋಲ್ಟಿನಿಂದ ಬಿಗಿಯಬೇಕು. ಆ ಕಾಲದ ಅನೇಕ ಆಂಪ್ಲಿಫೈಯರ್‌ಗಳಲ್ಲಿ ಮೇನ್ಸ್ ತಂತಿಗೂ ಚಾಸಿಗೂ ನಡುವೆ ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಗಿಟಾರ್‌ನ ತಂತಿಗಳವರೆಗೂ ಮೇನ್ಸ್ ವಿದ್ಯುತ್ ಹರಿಯುವುದರಿಂದ, ನಿಮ್ಮ ಯಂತ್ರದಲ್ಲಿ ಇದ್ದರೆ ತೆಗೆದುಬಿಡಿ. ನಮ್ಮ 230 ವೋಲ್ಟ್ ಪೂರೈಕೆಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಅರ್ಥ್ ಸಂಪರ್ಕ ಮುಂದುವರಿಯದೆ ಇರಬಹುದು. ಗೋಡೆಯ ಪ್ಲಗ್‌ನ ಅರ್ಥ್ ಪಿನ್ನಿನಿಂದ ಚಾಸಿಯವರೆಗೆ ಸಂಪರ್ಕವಿದೆಯೇ ಎಂದು ಮೀಟರಿನಿಂದಲೇ ಪರೀಕ್ಷಿಸಿ. 60 ಹರ್ಟ್ಸ್‌ಗೆಂದು ಮಾಡಿದ ಅಮೆರಿಕನ್ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆಂಬುದೂ ನೆನಪಿರಲಿ.

ಇನ್ನು ಫಿಲ್ಟರ್ ಕೆಪಾಸಿಟರ್‌ಗಳು. ಮೂಲದಲ್ಲಿ 16, 8, 8 ಮೈಕ್ರೋಫ್ಯಾರಡ್‌ನ ಮೂರು ಇರುತ್ತವೆ. ಕಾಲಕ್ರಮೇಣ ಒಳಗೆ ಒಣಗುವ ಎಲೆಕ್ಟ್ರೋಲೈಟಿಕ್ ಬಗೆಯವು ಆದ್ದರಿಂದ ಇವುಗಳ ವಿಷಯದಲ್ಲಿ ಮುಲಾಜು ಬೇಡ, ಮೂರನ್ನೂ 6ವಿ6ರ ಕ್ಯಾಥೋಡ್‌ನಲ್ಲಿರುವ 25 ಮೈಕ್ರೋಫ್ಯಾರಡ್‌ನದನ್ನೂ ಬದಲಿಸಿ. ಹೊಸ ಫಿಲ್ಟರ್‌ಗಳು 500 ವೋಲ್ಟ್‌ನವಾಗಿರಲಿ. ಗುಂಯ್ ಸದ್ದು ಪೂರ್ತಿ ನಿಲ್ಲಲೆಂದು ಮೊದಲನೆಯ ಜಾಗಕ್ಕೆ 100 ಮೈಕ್ರೋಫ್ಯಾರಡ್ ಹಾಕಿದರೆ 5ವೈ3ರ ಮೇಲೆ ಹೊರೆ ಬಿದ್ದು ಅದು ಬೇಗ ಹಾಳಾಗುತ್ತದೆ, 22 ಸಾಕು. ಆದರೆ ಹಳೆಯವೆಂಬ ಒಂದೇ ಕಾರಣಕ್ಕೆ ಕಪ್ಲಿಂಗ್ ಕೆಪಾಸಿಟರ್‌ಗಳನ್ನೂ (ಡಿಸಿಯನ್ನು ತಡೆದು ಸಂಕೇತವನ್ನು ಮಾತ್ರ ಮುಂದಿನ ಹಂತಕ್ಕೆ ಬಿಡುವವು) ಕಾರ್ಬನ್ ರೆಸಿಸ್ಟರ್‌ಗಳನ್ನೂ ಕಿತ್ತೆಸೆಯುವುದನ್ನು ನಾನು ಒಪ್ಪುವುದಿಲ್ಲ. ಅಳತೆಯಲ್ಲಿ ಸೋತದ್ದನ್ನು ಮಾತ್ರ ತೆಗೆಯಿರಿ.

ಮೊದಲ ಸಲ ವಿದ್ಯುತ್ ಕೊಡುವಾಗ ಸ್ಟೆಪ್‌ಡೌನ್‌ಗಿಂತ ಮೊದಲು, ಫೇಸ್ ತಂತಿಯಲ್ಲಿ, 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸಿ. ವಾಲ್ವ್‌ಗಳನ್ನೆಲ್ಲ ತೆಗೆದಿಟ್ಟಾಗಲೂ ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರ್‌ನಲ್ಲೋ ವೈರಿಂಗ್‌ನಲ್ಲೋ ಶಾರ್ಟ್ ಇದೆ ಎಂದರ್ಥ. ವಾಲ್ವ್‌ಗಳನ್ನು ಹಾಕಿದ ಮೇಲೆ ಸ್ಪೀಕರ್ ಜೋಡಿಸದೆ ಎಂದೂ ಚಾಲೂ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಡುತ್ತದೆ.

ಬಲ್ಬನ್ನು ತೆಗೆದು ಪೂರ್ಣ ವೋಲ್ಟೇಜ್ ಕೊಟ್ಟಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು 6ವಿ6ರ ಎಂಟನೆಯ ಪಿನ್ನನ್ನು, ಎಂದರೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡನ್ನು. ಮೀಟರಿನ ಕಪ್ಪು ಕ್ಲಿಪ್ಪನ್ನು ಚಾಸಿಗೆ ಸಿಕ್ಕಿಸಿ, ಒಂದೇ ಕೈಯಿಂದ ಕೆಂಪು ಕಡ್ಡಿಯನ್ನು ತಾಗಿಸಬೇಕು. ಅಲ್ಲಿ 19 ವೋಲ್ಟ್ ಕಂಡಿತೆನ್ನಿ. ಕ್ಯಾಥೋಡ್ ರೆಸಿಸ್ಟರ್ 470 ಓಮ್ ಆದ್ದರಿಂದ ಹರಿಯುತ್ತಿರುವುದು ಸುಮಾರು 40 ಮಿಲಿಆಂಪ್. ಚಾಂಪ್‌ಗೆ ಇದು ಸಹಜ. ಮೀಟರಿನ ಅಂಕಿ ಇದಕ್ಕಿಂತ ಬಹಳ ಹೆಚ್ಚಿದ್ದು ವಾಲ್ವಿನ ಪ್ಲೇಟು ಕೆಂಪಗಾಗುತ್ತಿದ್ದರೆ ಕೂಡಲೇ ಆರಿಸಿ. ಕಾರಣ ಬಹುಮಟ್ಟಿಗೆ ಐದನೆಯ ಪಿನ್ನಿಗೆ, ಎಂದರೆ ವಾಲ್ವಿನ ಹರಿವನ್ನು ನಿಯಂತ್ರಿಸುವ ಗ್ರಿಡ್ಡಿಗೆ, ಬರುವ 0.02 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಡಿಸಿಯನ್ನು ಸೋರಿಸುತ್ತಿರುವುದು. ಕೆಪಾಸಿಟರ್‌ಗಳನ್ನು ಬರಿದು ಮಾಡಿ, ಗ್ರಿಡ್ ಕಡೆಯ ತುದಿಯ ಬೆಸುಗೆಯನ್ನು ಬಿಡಿಸಿ, ಮತ್ತೆ ಚಾಲೂ ಮಾಡಿ ಆ ಬಿಡಿ ತುದಿಯಿಂದ ಚಾಸಿಗೆ ಡಿಸಿ ಅಳೆಯಿರಿ. ಒಳ್ಳೆಯ ಕೆಪಾಸಿಟರ್ ಕ್ಷಣಕಾಲದಲ್ಲಿ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ವೋಲ್ಟುಗಟ್ಟಲೆ ಉಳಿದರೆ ಅದನ್ನು ಬದಲಿಸಬೇಕು. ಸೋರಿಕೆ ಇಲ್ಲವಾದರೆ ವಾಲ್ವನ್ನೇ ಬದಲಿಸಿ ನೋಡಿ.

ವಾಲ್ಯೂಮ್ ತಿರುಗಿಸುವಾಗ ಬರುವ ಕರಕರ ಸದ್ದು ಕಾಂಟ್ಯಾಕ್ಟ್ ಕ್ಲೀನರ್‌ಗೂ ಹೋಗದಿದ್ದರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರನ್ನು ಹೀಗೆಯೇ ಪರೀಕ್ಷಿಸಿ. ಗುಂಯ್ ಸದ್ದಿದ್ದರೆ 12ಎಎಕ್ಸ್7 ಅನ್ನು ಹೊರತೆಗೆಯಿರಿ. ಸದ್ದು ಉಳಿದರೆ ದೋಷ ಪವರ್ ಸಪ್ಲೈ ಅಥವಾ 6ವಿ6ರ ಕಡೆಗಿದೆ, ನಿಂತರೆ ಮೊದಲ ಹಂತಗಳಲ್ಲಿದೆ. ಏನೂ ನುಡಿಸದಿದ್ದಾಗಲೂ ಚಟಪಟ ಎನ್ನುತ್ತಿದ್ದರೆ 12ಎಎಕ್ಸ್7ರ ಪ್ಲೇಟಿನಲ್ಲಿರುವ 100 ಕಿಲೋಓಮ್ ರೆಸಿಸ್ಟರ್‌ಗಳ ಮೇಲೆ ಅನುಮಾನವಿಡಿ. ಒಣ ಮರದ ಕಡ್ಡಿಯಿಂದ ಮೆಲ್ಲನೆ ತಟ್ಟಿದಾಗ ಸ್ಪೀಕರಿನಲ್ಲಿ ಟಿಂಗ್ ಎಂದು ಮೊಳಗುವ ವಾಲ್ವನ್ನು ಬದಲಿಸಿ. ಬೆಸುಗೆಯನ್ನು ತಟ್ಟಿದಾಗ ಶಬ್ದ ಬಂದು ಹೋಗುತ್ತಿದ್ದರೆ ಅದನ್ನು ಹೊಸದಾಗಿ ಬೆಸೆಯಿರಿ.

ತೆಗೆದ ಮೂಲ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ಪೆಟ್ಟಿಗೆಯ ಜೊತೆಗೇ ಇಡಿ. ಒಂದು ಗಂಟೆ ನುಡಿಸಿದ ಬಳಿಕ ಎಂಟನೆಯ ಪಿನ್ನಿನ ವೋಲ್ಟೇಜನ್ನು ಮತ್ತೊಮ್ಮೆ ಅಳೆದು, ಮೊದಲಿನ ಅಂಕಿಯ ಪಕ್ಕದಲ್ಲಿ ದಿನಾಂಕದೊಡನೆ ಬರೆದಿಡಿ.